ಕರೆ ಮಾಡಿದವರನ್ನೂ ಕೇಳೋಣ

ಚಿಕ್ಕಮಗಳೂರು ಬಳಿಯ ಕೈಮರದ ಚೆಕ್‌ಪೋಸ್ಟ್ ದಾಟಿ ಅತ್ತಿಗುಂಡಿಗೆ ಏರುವ ಘಾಟಿ ರಸ್ತೆಯಲ್ಲಿ ಫೋನಿನಲ್ಲಿ ಮಾತಾಡುತ್ತ ಜೀಪು ಓಡಿಸುವುದು ಕುಡಿದು ಓಡಿಸಿದಷ್ಟೇ ಅಪಾಯ ಎನ್ನುವವರಿದ್ದಾರೆ. ಅವರ ಮಾತು ನಿಜ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು 40 ಜನರನ್ನು ಸಿಮ್ಯುಲೇಟರ್‌ನಲ್ಲಿ ಕೂರಿಸಿ ಪರೀಕ್ಷಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಮದ್ಯ ಸೇವಿಸಿ ಓಡಿಸಿದಾಗ ಯಾರೂ ಡಿಕ್ಕಿ ಹೊಡೆಯಲಿಲ್ಲ. ಫೋನಿನಲ್ಲಿದ್ದಾಗ ಮೂವರು ಮುಂದಿನ ವಾಹನಕ್ಕೆ ಗುದ್ದಿದರು. ಫೋನು ಕೈಯಲ್ಲಿದ್ದರೂ ಇಯರ್‌ಫೋನಿನಲ್ಲಿ ಮಾತಾಡಿದರೂ ವ್ಯತ್ಯಾಸ ಕಾಣಲಿಲ್ಲ. ನಮ್ಮ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಾದರೋ ಕೈಯಲ್ಲಿ ಹಿಡಿದ ಫೋನನ್ನಷ್ಟೇ ಹೆಸರಿಸುತ್ತದೆ. ಗಮನ ತಪ್ಪುವುದು ಮನಸ್ಸಿನಲ್ಲಿ. ಕಾನೂನು ನೋಡುವುದು ಕೈಯನ್ನು.

ಈ ಅಪಾಯ ತೋಟದ ಕೆಲಸದಲ್ಲೂ ಇದೆ. ಆದರೆ ಇದಕ್ಕೆ ಕೆಲವು ಬೆಳೆಗಾರ ಮಿತ್ರರು ಸೂಚಿಸುವ ಮದ್ದನ್ನು ನಾನು ಒಪ್ಪಲಾರೆ. ಬೆಳಿಗ್ಗೆ ತೋಟಕ್ಕೆ ಬರುವಾಗಲೇ ಆಳುಗಳ ಫೋನು ತೆಗೆದಿಡಬೇಕಂತೆ. ಮೂಡಿಗೆರೆ, ಆಲ್ದೂರು ಕಡೆಯ ತೋಟಗಳಲ್ಲಿ ಆನೆ ಎಲ್ಲಿದೆ ಎಂಬ ಸುದ್ದಿ ಬರುವುದೇ ಫೋನಿನಲ್ಲಿ. ಅದನ್ನು ಕಸಿದುಕೊಂಡು ಸುರಕ್ಷತೆಯ ಮಾತಾಡುವುದು ಹೇಗೆ?

ಅದಕ್ಕಿಂತ ದೊಡ್ಡ ತಕರಾರು ಬೇರೆಯೇ ಇದೆ. ಕುಡಿಯುವವನು ತಾನೇ ಲೋಟ ಎತ್ತುತ್ತಾನೆ. ಕರೆಗೆ ಮಾತ್ರ ಎರಡು ತುದಿ. ಸಿಲ್ವರ್ ಮರಕ್ಕೆ ಏಣಿ ಒರಗಿಸಿ ಮೆಣಸು ಕೊಯ್ಯುವವನು ಅಲ್ಲಿ ನಿಂತು ರೀಲ್ಸ್ ನೋಡುವುದಿಲ್ಲ. ಬಂದ ಕರೆಗೆ ಜೇಬಿಗೆ ಕೈ ಹಾಕುತ್ತಾನೆ, ಅದೂ ಕೂಲಿ ಕೊಡುವವರ ಕರೆಯಾದರೆ ತಪ್ಪದೆ. ಎಷ್ಟು ಚೀಲ ಆಯಿತು ಎಂದು ಕೇಳುವ ರೈಟರು, ಎಲ್ಲಿದ್ದೀಯಾ ಎಂದು ಮತ್ತೆ ಮತ್ತೆ ವಿಚಾರಿಸುವ ಹೋಂಸ್ಟೇ ಮಾಲೀಕರು, ಝರಿ ಜಲಪಾತಕ್ಕೆ ಹೋಗಲು ಜೀಪಿಗೆ ಕಾದು ನಿಂತ ಪ್ರವಾಸಿಗರು: ಇವರ ಕರೆ ಎತ್ತದಿದ್ದರೆ ನಾಳೆಯ ಬಾಡಿಗೆ, ನಾಳೆಯ ಕೆಲಸ ಹೋದೀತೆಂಬ ಅಂಜಿಕೆ ಕೊಯ್ಯುವವನಿಗೂ ಜೀಪಿನ ಚಾಲಕನಿಗೂ ಇದೆ. ಆ ಅಂಜಿಕೆ ಹುಟ್ಟಿಸಿದವರು ನಾವು. ಫೋನು ಕಿತ್ತಿಟ್ಟರೆ ತಪ್ಪೆಲ್ಲ ಅವರದೇ ಎಂದಾಗುತ್ತದೆ.

ಕಳೆ ತೆಗೆಯುವಾಗ ಫೋನು ನೋಡುತ್ತ ನಿಲ್ಲುವವರು ಇಲ್ಲವೆಂದಲ್ಲ. ಅದನ್ನು ಮೇಸ್ತ್ರಿ ನೋಡಿಕೊಳ್ಳುತ್ತಾರೆ. ಜೀವ ಹೋಗುವ ಕೆಲಸಗಳು ಬೇರೆ: ಏಣಿ, ಮರಗಸಿ, ಪಲ್ಪರ್, ಸ್ಟಿಯರಿಂಗ್. ಇಲ್ಲಿರುವವರಿಗೆ ಧಣಿಗಳೇ ಕರೆ ಮಾಡಬಾರದು. ಹೇಳುವುದಿದ್ದರೆ ನೆಲದ ಮೇಲಿರುವ ಮೇಸ್ತ್ರಿಗೆ ಹೇಳಲಿ. ಆನೆಯ ಸುದ್ದಿಯೂ ಅವರ ಫೋನಿಗೇ ಬರಲಿ, ಅವರು ಕೂಗಿ ಎಲ್ಲರನ್ನೂ ಎಚ್ಚರಿಸಲಿ. ಗಾಡಿಯಲ್ಲಿದ್ದೇನೆ ಎಂದ ಕೂಡಲೇ ಈ ಕಡೆಯವರೇ ಫೋನು ಇಡಲಿ. ನಿಲ್ಲಿಸಿದ ಮೇಲೆ ತಿರುಗಿ ಮಾಡಿದ ಚಾಲಕನಿಗೆ ತಡವಾಯಿತೆಂದು ಬೈಗುಳ ಬೇಡ.

ಅಪಘಾತವಾದಾಗ ಚಾಲಕ ಫೋನಿನಲ್ಲಿದ್ದನೇ ಎಂದು ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. ಆ ಹೊತ್ತಿಗೆ ಕರೆ ಮಾಡಿದವರು ಯಾರು, ಆತ ಘಾಟಿಯಲ್ಲಿದ್ದಾನೆಂದು ಅವರಿಗೆ ತಿಳಿದಿತ್ತೇ ಎಂದೂ ಕೇಳಬೇಕು.