ಕೆಡವುವವರು ಮೊದಲು ಬಾಡಿಗೆಯ ಲೆಕ್ಕ ಕೊಡಲಿ

ದಿವಾನ್ ರಂಗಾಚಾರ್ಲು ಅವರ ನೆನಪಿಗೆ 1884ರಲ್ಲಿ ಎದ್ದದ್ದು ಮೈಸೂರಿನ ಪುರಭವನ. ಅದರ ಅಂಗಳವನ್ನು ಅಗೆದು ನೆಲದಡಿಯಲ್ಲಿ ಪಾರ್ಕಿಂಗ್ ಕಟ್ಟುವ ಕೆಲಸ ಹತ್ತು ವರ್ಷ ದಾಟಿದರೂ ಮುಗಿಯದೆ ತೆವಳಿತು. ಪಕ್ಕದಲ್ಲೇ ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಕಟ್ಟಡ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್‌ನ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಉರುಳಿತು. ಎರಡನ್ನೂ ಕೆಡವಿ ಹೊಸದಾಗಿ ಕಟ್ಟುವುದೇ ದಾರಿ ಎಂದು ಆಡಳಿತ ತೀರ್ಮಾನಿಸಿತು. ದುರಸ್ತಿ ಸಾಧ್ಯವೆಂದ ಪರಂಪರೆ ತಜ್ಞರ ಮಾತು ನಡೆಯಲಿಲ್ಲ. 2023ರಲ್ಲಿ ಹೈಕೋರ್ಟ್ ಕೂಡ ಕೆಡವುವುದನ್ನು ತಡೆಯಲಿಲ್ಲ. ನ್ಯಾಯಾಲಯ ತನ್ನ ಮುಂದೆ ಬಂದ ವರದಿ ನೋಡಿ ಹೇಳಿದೆ. ನಮ್ಮ ತಕರಾರು, ಅಂಥ ವರದಿ ಬರೆಯುವ ಸ್ಥಿತಿಗೆ ಕಟ್ಟಡಗಳನ್ನು ತಂದವರ ಮೇಲೆ.

ಸುಣ್ಣದ ಗಾರೆಯ ಗೋಡೆ ಒಂದೇ ದಿನಕ್ಕೆ ಬೀಳುವುದಿಲ್ಲ. ತಾರಸಿಯ ಬಿರುಕಿನಲ್ಲಿ ಅರಳಿ ಸಸಿ ಹುಟ್ಟುತ್ತದೆ, ಯಾರೂ ಕೀಳುವುದಿಲ್ಲ. ಮಳೆನೀರಿನ ಕೊಳವೆ ಕಟ್ಟಿಕೊಳ್ಳುತ್ತದೆ, ಯಾರೂ ಬಿಡಿಸುವುದಿಲ್ಲ. ಆಮೇಲೆ ಗುತ್ತಿಗೆದಾರ ಬಂದು ಬಿರುಕಿಗೆ ಸಿಮೆಂಟು ಮೆತ್ತುತ್ತಾನೆ. ಸುಣ್ಣ ತೇವವನ್ನು ಹೀರಿ ಹೊರಬಿಡುವಂಥದ್ದು. ಸಿಮೆಂಟು ಆ ತೇವವನ್ನು ಒಳಗೇ ಕೂಡಿಹಾಕುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ. ವರ್ಷಗಟ್ಟಲೆ ಹೀಗೆ ಕೊಳೆಯಲು ಬಿಟ್ಟ ಮೇಲೆ ‘ಶಿಥಿಲ’ ಎಂಬ ಷರಾ ಬರೆಯುವುದು ಸುಲಭ. ಮಾರುಕಟ್ಟೆಯ ನೂರಾರು ಅಂಗಡಿಗಳಿಂದ ತಲೆಮಾರುಗಳ ಕಾಲ ಬಾಡಿಗೆ ಬಂದಿದೆ. ಅದರಲ್ಲಿ ದುರಸ್ತಿಗೆ ಹೋದದ್ದೆಷ್ಟು? ಈ ಲೆಕ್ಕ ಕೊಡದವರಿಗೆ ಕೆಡವುವ ನೈತಿಕ ಹಕ್ಕಿಲ್ಲ. ಲಾಲ್‌ಬಾಗ್‌ನ ಕೃಂಬಿಗಲ್ ಸಭಾಂಗಣವನ್ನೂ ಹೀಗೆಯೇ ಸೊರಗಲು ಬಿಟ್ಟು 2017ರಲ್ಲಿ ನೆಲಸಮ ಮಾಡಿದರು.

ಇನ್ನು ಪಾರ್ಕಿಂಗ್ ವಿಷಯ. ವಾಹನ ನಿಲ್ಲಿಸಲು ಜಾಗ ಬೇಕು, ಅದರಲ್ಲಿ ಎರಡು ಮಾತಿಲ್ಲ. ದಾವಣಗೆರೆಯ ಮಂಡಿಪೇಟೆಗೆ ಹೋದವರಿಗೆ ಆ ಪಾಡು ಗೊತ್ತು. ಆದರೆ ಪಾರ್ಕಿಂಗ್ ಎಂದ ಕೂಡಲೇ ಬೋಳು ಕಂಬಗಳ ಮೇಲೆ ಬೋಳು ಚಪ್ಪಡಿ ಹಾಕಿ ಕೈತೊಳೆದುಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಫ್ರಾನ್ಸಿನ ಲಿಯೋನ್ ನಗರದಲ್ಲಿ ಹಳೆಯ ಸೆಲೆಸ್ತಾಂ ರಂಗಮಂದಿರದ ಮುಂದಿನ ಚೌಕದ ಕೆಳಗೆ ಏಳು ಅಂತಸ್ತಿನ ಪಾರ್ಕಿಂಗ್ ಇದೆ. 1994ರಲ್ಲಿ ತೆರೆದ ಅದು ಕಮಾನುಗಳಿಂದ ಸುತ್ತುವರಿದ ಬಾವಿಯಂತಿದೆ. ತಳದಲ್ಲಿ ಕಲಾವಿದ ದಾನಿಯೆಲ್ ಬ್ಯೂರೆನ್ ಇಟ್ಟ ಕನ್ನಡಿ ತಿರುಗುತ್ತಿರುತ್ತದೆ. ರಂಗಮಂದಿರಕ್ಕೆ ಕುಂದು ಬರಲಿಲ್ಲ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. 1926ರ ಮಿಷಿಗನ್ ಚಿತ್ರಮಂದಿರದ ಒಡಲನ್ನು 1970ರ ದಶಕದಲ್ಲಿ ಬಗೆದು ಕಾರು ನಿಲ್ಲಿಸಿದರು. ಚಿತ್ತಾರದ ಚಾವಣಿ ಹರಕು ಹರಕಾಗಿ ಇಂದಿಗೂ ಆ ಕಾರುಗಳ ಮೇಲೆ ತೂಗುತ್ತಿದೆ.

ದೂರದ ಮಾತೇಕೆ, ನಮ್ಮದೇ ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿಗೆ ಹೋಗಿ ನೋಡಿ. ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಿಣಿಯ ಬದಿಗೆ ಮುಸಾಫಿರ್‌ಖಾನೆ ಇದೆ. ಹೆಸರೇ ಹೇಳುವಂತೆ ದಾರಿಹೋಕರು ತಂಗುವ ಜಾಗ. ಬಂದು ಹೋಗುವವರಿಗಾಗಿ ಕಟ್ಟಿದ್ದೆಂದು ಅದರ ಕಮಾನುಗಳಲ್ಲಿ ಯಾರೂ ಜಿಪುಣತನ ತೋರಿಲ್ಲ. ಕೊಳಕ್ಕೆ ಎದುರಾಗಿ, ಕೊಳಕ್ಕೆ ತಕ್ಕಂತೆ ನಿಂತಿದೆ. ಇಂದಿನ ಪಾರ್ಕಿಂಗ್ ಕೂಡ ಬಂದು ಹೋಗುವವರ ಕಟ್ಟಡವೇ. ಅದನ್ನು ಶೌಚಾಲಯದ ಟೆಂಡರಿನಂತೆ ಅತಿ ಕಡಿಮೆ ದರ ಕೂಗಿದವರಿಗೆ ಒಪ್ಪಿಸುವ ಪದ್ಧತಿ ನಿಲ್ಲಬೇಕು.

ಹಳೆಯ ಪೇಟೆಯ ಪಾರಂಪರಿಕ ಕಟ್ಟಡದ ಪಕ್ಕದಲ್ಲಿ ನಿಲುಗಡೆ ತಾಣ ಕಟ್ಟುವುದಾದರೆ ವಾಸ್ತುಶಿಲ್ಪಿಗಳಿಂದ ಬಹಿರಂಗ ಸ್ಪರ್ಧೆಯಲ್ಲಿ ನಕ್ಷೆ ತರಿಸಲಿ, ಅವನ್ನು ಊರಿನವರ ಮುಂದಿಡಲಿ. ಅಗೆಯುವ ಮುನ್ನ ಹಳೆಯ ತಳಪಾಯದ ಪರೀಕ್ಷೆ ಕಡ್ಡಾಯವಾಗಲಿ. ಸುಣ್ಣದ ಗಾರೆ ಗೊತ್ತಿರುವ ಗಾರೆಯವರಿಗೇ ದುರಸ್ತಿ ವಹಿಸಲಿ. ಕಟ್ಟಡ ಶಿಥಿಲವೆಂದು ಸಹಿ ಹಾಕುವ ಅಧಿಕಾರಿ, ಅದೇ ಕಾಗದದಲ್ಲಿ ಹಿಂದಿನ ಇಪ್ಪತ್ತು ವರ್ಷಗಳ ಬಾಡಿಗೆ ಎಷ್ಟು, ದುರಸ್ತಿಗೆ ಹಾಕಿದ್ದೆಷ್ಟು, ಆ ಹೊಣೆ ಯಾರದಿತ್ತು ಎಂಬುದನ್ನೂ ಬರೆಯಲಿ. ಅದಿಲ್ಲದ ಯಾವ ಕಡತಕ್ಕೂ ಸರ್ಕಾರ ಒಪ್ಪಿಗೆ ಕೊಡಕೂಡದು.