ಬಿಳಿ ಕೋಟು ತೊಟ್ಟ ಜೀತ



ನಮ್ಮ ಕೇರಿಯ ಹುಡುಗನೋ ಹುಡುಗಿಯೋ ಎಂ.ಬಿ.ಬಿ.ಎಸ್. ಮುಗಿಸಿ ಪಿ.ಜಿ. ಸೀಟು ಪಡೆದ ದಿನ ಊರಲ್ಲಿ ಸಿಹಿ ಹಂಚುತ್ತಾರೆ. ಬಾಬಾಸಾಹೇಬರ ಪಟದ ಪಕ್ಕ ಫೋಟೋ ಹಾಕಿ ಫ್ಲೆಕ್ಸ್ ಕಟ್ಟುತ್ತಾರೆ. ಆಮೇಲೆ ಆ ಮಗು ಆಸ್ಪತ್ರೆಯೊಳಗೆ ಮೊದಲ ವರ್ಷವನ್ನ ಹೇಗೆ ಕಳೀತದೆ ಅಂತ ಯಾರೂ ಕೇಳೋದಿಲ್ಲ. ಅದೂ ಹೇಳೋದಿಲ್ಲ. ಹಾಗೆ ಹೇಳದೆ ಬಾಯಿ ಮುಚ್ಚಿಕೊಂಡವರಲ್ಲಿ ನಾವೂ ಇದ್ದೆವು. ಆ ತಪ್ಪನ್ನು ಈಗ ತಿದ್ದಿಕೊಳ್ಳುತ್ತಿದ್ದೇವೆ.

ರೆಸಿಡೆಂಟ್ ಅಂದರೆ ಅಲ್ಲೇ ವಾಸ ಮಾಡುವವನು ಎಂದರ್ಥ. ಹೆಸರಿಗೆ ತಕ್ಕ ಹಾಗೆ ಬೆಳಿಗ್ಗೆ 8ಕ್ಕೆ ವಾರ್ಡು ಹೊಕ್ಕರೆ ಮಾರನೇ ದಿನ ಸಂಜೆ 8ಕ್ಕೆ ಹೊರಬಂದದ್ದುಂಟು. ರಕ್ತ ತೆಗೆಯಬೇಕು, ಲ್ಯಾಬಿಗೆ ಓಡಬೇಕು, ಬ್ಲಡ್ ಬ್ಯಾಂಕಿನ ಮುಂದೆ ಕಾಯಬೇಕು, ಕೇಸ್ ಶೀಟ್ ಬರೆಯಬೇಕು, ಟ್ರಾಲಿ ತಳ್ಳುವವರಿಲ್ಲದಿದ್ದರೆ ತಳ್ಳಬೇಕು. ರೌಂಡ್ಸಿನಲ್ಲಿ ಒಂದು ರಿಪೋರ್ಟ್ ಸಿಗದಿದ್ದರೆ ರೋಗಿಗಳ ಎದುರಿಗೇ ಬೈಗುಳ. ಕಲಿಯೋದು ಇದರ ನಡುವೆ ಕದ್ದುಮುಚ್ಚಿ.

ಇದನ್ನು ಪ್ರಶ್ನಿಸಿದರೆ ಸೀನಿಯರ್‌ಗಳ ಉತ್ತರ ಒಂದೇ: 'ನಾವೂ ಹಿಂಗೇ ಬಂದಿದ್ದು.' ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸೊಸೆಯಾಗಿ ಸಾಯಬೇಕು, ಅತ್ತೆಯಾಗಿ ಸಾಯಿಸಬೇಕು. ಇದಕ್ಕೆ ಟ್ರೈನಿಂಗ್ ಅಂತ ಹೆಸರು. ನಾವು ಇದನ್ನು ಜೀತ ಅನ್ನುತ್ತೇವೆ.

'ಕಷ್ಟ ಎಲ್ಲಾ ಜಾತಿಯವರಿಗೂ ಇದೆಯಲ್ಲ, ಇದರಲ್ಲಿ ಜಾತಿ ಯಾಕೆ ತರ್ತೀರಿ?' ಅಂತ ಕೇಳುವವರಿದ್ದಾರೆ. ನಿಜ, ನಿದ್ದೆ ಎಲ್ಲರಿಗೂ ಕೆಡುತ್ತದೆ. ಆದರೆ ಮೊದಲ ದಿನವೇ 'ನಿನ್ನ ರ‍್ಯಾಂಕ್ ಎಷ್ಟು?' ಅಂತ ನಮ್ಮನ್ನು ಕೇಳಿದರು. ಊರಲ್ಲಿ 'ನೀವು ಯಾವ ಜನ?' ಅಂತ ಕೇಳೋದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅಂದಿನಿಂದ ಬೇರೆಯವರು ಮಾಡಿದ ತಪ್ಪು ನಿದ್ದೆಗೆಟ್ಟವನ ತಪ್ಪು, ನಾವು ಮಾಡಿದ ತಪ್ಪು ಕೋಟಾದವನ ತಪ್ಪು. ಅವರು 'ಸುಸ್ತಾಗಿದೆ' ಅಂದರೆ ಸುಸ್ತು, ನಾವು ಅಂದರೆ ಮೆರಿಟ್ ಇಲ್ಲ. ಹಾಗಾಗಿ ನಾವು ಸುಸ್ತಾಗಿದೆ ಅನ್ನಲೇ ಇಲ್ಲ. ಜಾತಿ ಕೆಲಸ ಮಾಡೋದು ಹೀಗೆ.

ಅಖಿಲ ಭಾರತ ಕೋಟಾದ ಪಿ.ಜಿ. ಸೀಟುಗಳಲ್ಲಿ ಪರಿಶಿಷ್ಟರಿಗೆ ಮೀಸಲಾತಿ ಸಿಕ್ಕಿದ್ದು 2007ರಲ್ಲಿ, ಸುಪ್ರೀಂ ಕೋರ್ಟಿನ ಆದೇಶದಿಂದ. ಅದೇ ವರ್ಷ ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳಿಗೆ ಆಗುತ್ತಿದ್ದ ತಾರತಮ್ಯದ ಬಗ್ಗೆ ಪ್ರೊ. ಸುಖದೇವ್ ಥೋರಟ್ ಸಮಿತಿ ವರದಿ ಕೊಟ್ಟಿತು. 2019ರ ಮೇ 22ರಂದು ಮುಂಬಯಿಯಲ್ಲಿ ಆದಿವಾಸಿ ವೈದ್ಯೆ ಡಾ. ಪಾಯಲ್ ತಡ್ವಿ ಪ್ರಾಣ ಕಳೆದುಕೊಂಡಳು. ಪ್ರಸೂತಿ ವಿಭಾಗದ ಪಿ.ಜಿ. ವಿದ್ಯಾರ್ಥಿನಿ, ವಯಸ್ಸು 26. ಜಾತಿ ನಿಂದನೆಯ ಆರೋಪದ ಮೇಲೆ ಮೂವರು ಸೀನಿಯರ್ ವೈದ್ಯರ ಬಂಧನವಾಯಿತು. ಸಾಯುವ ಮುಂಚೆಯೇ ದೂರು ಮುಟ್ಟಿಸಿದ್ದೆವು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎನ್ನುವುದು ಆ ತಾಯಿಯ ಮಾತು.

ಕಾಯಿದೆ ಇಲ್ಲವೇ? ಇದೆ. ಬಾಬಾಸಾಹೇಬರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ, 1946ರಲ್ಲಿ, ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು ವಾರಕ್ಕೆ 54 ಗಂಟೆ ಇದ್ದ ದುಡಿಮೆಯನ್ನು 48ಕ್ಕೆ ಇಳಿಸಿದರು. ಕಿರಿಯ ರೆಸಿಡೆಂಟ್‌ಗಳಿಗೂ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆಗಿಂತ ಹೆಚ್ಚಿಲ್ಲ ಎಂದು ಕೇಂದ್ರ ಆರೋಗ್ಯ ಇಲಾಖೆ 1992ರಲ್ಲಿ ನಿರ್ದೇಶನ ಹೊರಡಿಸಿತು. ಅದರಲ್ಲೇ 'ಅಗತ್ಯಕ್ಕೆ ತಕ್ಕಂತೆ' ಅನ್ನುವ ಬಾಗಿಲನ್ನೂ ತೆರೆದಿಟ್ಟಿತು. ಆ ಬಾಗಿಲಲ್ಲೇ ಎಲ್ಲ ಸೋರಿಹೋಯಿತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮ ವಾರಕ್ಕೊಂದು ರಜೆ, ವರ್ಷಕ್ಕೆ 20 ದಿನ ಸಾಂದರ್ಭಿಕ ರಜೆ ಅನ್ನುತ್ತದೆ. ಗಂಟೆಯ ಮಾತು ಬಂದಾಗ ಮಾತ್ರ 'ಸಮಂಜಸವಾದ ಅವಧಿ' ಅಂತ ಜಾರಿಕೊಳ್ಳುತ್ತದೆ. ಸಮಂಜಸ ಯಾವುದು ಅಂತ ತೀರ್ಮಾನ ಮಾಡೋರು ಯಾರು? ಧಣಿಯೇ.

ಇನ್ನೊಂದು ಮಾತು. ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮಲಗಿರೋರು ಯಾರು? ನಮ್ಮ ಅವ್ವ, ನಮ್ಮಪ್ಪ, ನಮ್ಮ ಅಕ್ಕತಂಗೀರು. ಒಂದು ರಾತ್ರಿ ಮೂರು ಗಂಟೆಗೆ ನಮ್ಮಲ್ಲೊಬ್ಬ ಸಕ್ಕರೆ ಕಾಯಿಲೆಯ ಅಜ್ಜಿಗೆ 10 ಯೂನಿಟ್ ಇನ್ಸುಲಿನ್ ಬರೆದ. ಯೂನಿಟ್ ಅಂತ ಪೂರ್ತಿ ಬರೆಯದೆ ಇಂಗ್ಲಿಷಿನ ಒಂದಕ್ಷರ ಗೀಚಿದ. ಅದು ಸೊನ್ನೆಯ ಹಾಗೆ ಕಂಡು 10 ಹೋಗಿ 100 ಆಗಿತ್ತು. ನರ್ಸ್ ಅಕ್ಕ ಚೀಟಿ ಹಿಡಿದು ಬಂದು, 'ಡಾಕ್ಟ್ರೇ, ಒಂದ್ಸಲ ನೋಡಿ' ಅಂದರು. ಅಜ್ಜಿ ಬದುಕಿತು. ಆ ಅಕ್ಕನಿಗೂ ನಿದ್ದೆ ಕೆಟ್ಟಿದ್ದರೆ? ವೈದ್ಯನ ನಿದ್ದೆಯ ಪ್ರಶ್ನೆ ಓದಿದವರ ಸುಖದ ಪ್ರಶ್ನೆಯಲ್ಲ, ಬಡವರ ಜೀವದ ಪ್ರಶ್ನೆ.

ನಮ್ಮ ತಪ್ಪನ್ನೂ ಹೇಳಿಬಿಡಬೇಕು. ಆ ವಾರ್ಡು ಗುಡಿಸುತ್ತಿದ್ದ ಅಮ್ಮ ಒಬ್ಬರು ಬೆಳಗಿನ ಜಾವ ಲೋಟದಲ್ಲಿ ಟೀ ತಂದುಕೊಟ್ಟು, 'ಯಾವೂರು ಮಗಾ ನಿಂದು?' ಅಂತ ಕೇಳೋರು. ಊರ ಹೆಸರು ಹೇಳಿದೆವು. ಕೇರಿಯ ಹೆಸರು ಹೇಳಲಿಲ್ಲ. ಪಕ್ಕದಲ್ಲಿ ಸೀನಿಯರ್ ನಿಂತಿದ್ದರು. ಆ ಅಮ್ಮನಿಗೆ ಅರ್ಥವಾಯಿತು, ಮತ್ತೆ ಕೇಳಲಿಲ್ಲ. ಹಗಲೂ ರಾತ್ರಿ ಬೈಗುಳ ತಿಂದದ್ದಕ್ಕಿಂತ ಅದು ಇವತ್ತಿಗೂ ಹೆಚ್ಚು ಸುಡುತ್ತದೆ. ನಮ್ಮನ್ನು ಮೂಕರನ್ನಾಗಿ ಮಾಡಿದ್ದು ವ್ಯವಸ್ಥೆ, ಖರೆ. ಆದರೆ ಆ ಮೌನವನ್ನು ಬಿಳಿ ಕೋಟಿನ ಹಾಗೆ ಒಗೆದು ಇಸ್ತ್ರಿ ಮಾಡಿ ತೊಟ್ಟುಕೊಂಡವರು ನಾವೇ.

ಈ ವರ್ಷ ಒಳಗೆ ಹೋಗುತ್ತಿರುವ ತಮ್ಮಂದಿರೇ, ತಂಗಿಯರೇ, ಕೇಳಿ. ಡ್ಯೂಟಿ ಮಾಡಿದ ಗಂಟೆಗಳನ್ನು ದಿನಾ ಒಂದು ಪುಸ್ತಕದಲ್ಲಿ ಬರೆದಿಡಿ. ಗೊತ್ತಿಲ್ಲದ್ದನ್ನು ರಾತ್ರಿ ಎರಡಾದರೂ ಸೀನಿಯರ್‌ಗೆ ಫೋನ್ ಮಾಡಿ ಕೇಳಿ, ಬೈದರೆ ಬೈಯಲಿ, ರೋಗಿ ಬದುಕಲಿ. ಸೂಜಿ ಚುಚ್ಚಿಕೊಂಡರೆ ಮುಚ್ಚಿಡಬೇಡಿ. ಎಚ್.ಐ.ವಿ. ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು. ಜಾತಿ ಎತ್ತಿ ಅಂದರೆ ತಾರೀಖು ಹಾಕಿ ಬರೆದು ದೂರು ಕೊಡಿ, ಅದರ ಪ್ರತಿಗೆ ಸ್ವೀಕೃತಿ ಸಹಿ ಪಡೆಯಿರಿ. 1989ರ ದೌರ್ಜನ್ಯ ತಡೆ ಕಾಯಿದೆ ಆಸ್ಪತ್ರೆಯ ಗೇಟಿನಲ್ಲಿ ನಿಂತುಬಿಡೋದಿಲ್ಲ. ಮನಸ್ಸು ತೀರಾ ಕುಸಿದ ರಾತ್ರಿ ಒಬ್ಬರೇ ಇರಬೇಡಿ. ಟೆಲಿ ಮಾನಸ್, 14416, ಕನ್ನಡದಲ್ಲೂ ಮಾತಾಡುತ್ತಾರೆ. ಮನೆಗೆ ಫೋನ್ ಮಾಡಿ 'ಚೆನ್ನಾಗಿದೀನಿ' ಅಂತ ಸುಳ್ಳು ಹೇಳಬೇಡಿ.

ಸಂಘಟನೆಯ ಗೆಳೆಯರಿಗೂ ಒಂದು ಕೋರಿಕೆ. ಸೀಟು ಸಿಗುವ ತನಕ ಮಾತ್ರ ಹೋರಾಡಿ, ಸಿಕ್ಕ ಮೇಲೆ ಸನ್ಮಾನ ಮಾಡಿ ಮರೆಯಬೇಡಿ. ಪ್ರತಿ ಮೆಡಿಕಲ್ ಕಾಲೇಜಿರುವ ಊರಲ್ಲಿ ತಿಂಗಳಿಗೊಮ್ಮೆ ಹಾಸ್ಟೆಲಿಗೆ ಹೋಗಿ, 'ಊಟ ಆಯ್ತಾ, ನಿದ್ದೆ ಆಯ್ತಾ' ಅಂತ ಕೇಳಿ. ಡ್ಯೂಟಿ ಪಟ್ಟಿಯನ್ನು ಗೋಡೆಗೆ ಹಚ್ಚಬೇಕು ಅಂತ ಒತ್ತಾಯ ಮಾಡಿ. ದೂರು ಕೇಳುವ ಸಮಿತಿಯಲ್ಲಿ ನಮ್ಮವರೊಬ್ಬರು ಕೂರುವ ಹಾಗೆ ನೋಡಿಕೊಳ್ಳಿ.

ಮುಂದೆ ಸೀನಿಯರ್ ಆಗುವ ನಾವು ಒಂದು ಮಾತು ಕೊಡುತ್ತೇವೆ: 'ನಾವೂ ಹಿಂಗೇ ಬಂದಿದ್ದು' ಅನ್ನೋ ಮಾತು ನಮ್ಮ ಬಾಯಲ್ಲಿ ಬರೋದಿಲ್ಲ. ಟೀ ತಂದುಕೊಟ್ಟ ಆ ಅಮ್ಮ ಮತ್ತೆ ಸಿಕ್ಕರೆ, ನಮ್ಮ ಕೇರಿ ಯಾವುದು ಅಂತ ಎಲ್ಲರೆದುರಿಗೇ ಹೇಳುತ್ತೇವೆ.