ಎಲ್ಲರ ಬೆನ್ನ ಮೇಲೂ 42

ಬಾಬಾಸಾಹೇಬರ ಜಯಂತಿ ಮುಗಿದು ಎರಡನೇ ಬೆಳಿಗ್ಗೆ. ಆಫೀಸಿಗೆ ಹೊರಡೋ ಮುಂಚೆ ಟಿವಿ ಹಾಕಿದ್ರೆ ಅಮೆರಿಕದ ಬೇಸ್‌ಬಾಲ್. ನನಗೆ ಆ ಆಟದ ತಲೆಬುಡ ಗೊತ್ತಿಲ್ಲ. ಆದ್ರೆ ಎರಡೂ ತಂಡದ ಎಲ್ಲರ ಬೆನ್ನ ಮೇಲೂ ಒಂದೇ ನಂಬರ್, 42! ಇದೇನಪ್ಪಾ ಅಂತ ಮಗಳನ್ನ ಕೇಳಿದೆ. ಹುಡುಕಿ ಹೇಳಿದ್ಲು: ಅದು ಜಾಕಿ ರಾಬಿನ್ಸನ್ ನಂಬರ್. ಕಪ್ಪು ಜನರಿಗೆ ದೊಡ್ಡ ಲೀಗಿನ ಬಾಗಿಲು ಮುಚ್ಚಿದ್ದಾಗ, 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ಪರ ಮೈದಾನಕ್ಕಿಳಿದವರು. ಪ್ರತಿವರ್ಷ ಆ ದಿನ ಎಲ್ಲರೂ ಅದೇ ನಂಬರ್ ತೊಡ್ತಾರಂತೆ.

ನನಗೆ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ನೆನಪಾದ್ರು. 1911ರಲ್ಲಿ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತ ದಲಿತ ಬೌಲರ್. ಪುಣೆಯಲ್ಲಿ ಅವರ ಬೌಲಿಂಗ್ ಬೇಕಿತ್ತು, ಚಹಾ ಮಾತ್ರ ಹೊರಗೆ, ಮಣ್ಣಿನ ಲೋಟದಲ್ಲಿ.

ನಂಬರ್ ತೊಟ್ಟ ಮಾತ್ರಕ್ಕೆ ಅಲ್ಲಿ ವರ್ಣಭೇದ ಹೋಗಿಲ್ಲ, ಗೊತ್ತು. ಆದ್ರೂ ವರ್ಷಕ್ಕೊಂದು ದಿನ ನೆನಪು ಮಾಡ್ಕೊಳ್ತಾರೆ. ಬಾಲೂಗೆ ನಮ್ಮ ಕ್ರಿಕೆಟ್ ಯಾವ ದಿನ ಇಟ್ಟಿದೆ? ನೀವೇ ಹೇಳಿ.

ಜೈ ಭೀಮ್.